ಸ್ಪೀಕರಿನಲ್ಲಿ ಬಾರದ ಉತ್ತರಗಳು

ಆರ್ಡಿತ್ ಕಿಟ್ರಿಜ್‌ಳ ಬಾಯಿ ಮುಚ್ಚಿಸುವುದು ದೇವರಿಂದಲೂ ಆಗದ ಕೆಲಸ ಎಂದು ವೆಸ್ಟ್ ಹಾರ್ಲೋ ಊರಿನವರು ಆಡಿಕೊಳ್ಳುತ್ತಿದ್ದರು. ಜನವರಿಯಲ್ಲಿ ಡಾಕ್ಟರು ಆ ಕೆಲಸ ಮಾಡಿ ಮುಗಿಸಿದರು. ಗಂಟಲಲ್ಲಿ ಗಡ್ಡೆ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದರು, ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ತೂತು ಬಿಟ್ಟು ಮನೆಗೆ ಕಳಿಸಿದರು. ಜೊತೆಗೆ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಬಾಯಾಡಿಸಿದರೆ ಮಾತು ಬರುತ್ತದೆ, ಆದರೆ ಏರಿಳಿತವಿಲ್ಲದ ಗುಂಯ್ ಎನ್ನುವ ಮಾತು. ಆರ್ಡಿತ್ ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟಳು.

ಜೀರುಂಡೆಯನ್ನು ಊರ ಮುಂದೆ ಅವಳು ಬಳಸಿದ್ದು ಒಂದೇ ಸಲ. ಅಂಗಡಿಯಲ್ಲಿ ನಿಂತು ಹಾಲು ಕೇಳಿದಳು. ತಳ್ಳುಗಾಡಿಯಲ್ಲಿ ಕೂತಿದ್ದ ಯಾರದೋ ಮಗು ದೊಡ್ಡ ನೊಣ ಬಂದಿದೆ ಎಂದು ಸುತ್ತಮುತ್ತ ಹುಡುಕಿತು, ಅದರ ತಾಯಿ ನಾಚಿ ಕೆಂಪಾದಳು, ಅಂಗಡಿಯವನು ಮೇಲೆ ನೋಡಿದ. ಅಂದಿನಿಂದ ಯಂತ್ರ ಕೋಟಿನ ಜೇಬು ಸೇರಿತು. ಬೆಕ್ಕನ್ನು ಬೈಯುವುದಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಮನುಷ್ಯರ ಜೊತೆ ವ್ಯವಹಾರವೆಲ್ಲ ಕತ್ತಿಗೆ ನೇತುಹಾಕಿಕೊಂಡ ಪುಟ್ಟ ಬಿಳಿ ಹಲಗೆಯ ಮೇಲೆ.

ಸುಮ್ಮನೆ ಮನೆಯಲ್ಲಿ ಕೂರುವ ಹೆಂಗಸಾಗಿದ್ದರೆ ಹಲಗೆಯಲ್ಲೇ ಕಾಲ ಕಳೆಯಬಹುದಿತ್ತು. ಆದರೆ ಆರ್ಡಿತ್ ಈ ಊರಿನ ರೇಡಿಯೋ. ಪಂಚಾಯ್ತಿ ಕಟ್ಟಡದ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಕೂತು ಬೆಳಿಗ್ಗೆ ಬೆಳಿಗ್ಗೆ ಊರಿನ ಸಮಾಚಾರ ಹೇಳುತ್ತಿದ್ದಳು. ಯಾವ ರಸ್ತೆಯಲ್ಲಿ ಕೆಸರು ಗಾಲಿ ನುಂಗುತ್ತಿದೆ, ಯಾರ ಕಡಸು ಬೇಲಿ ಹಾರಿದೆ, ಸ್ಕೂಲಿಗೆ ರಜೆಯೇ ಅಲ್ಲವೇ, ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕ ಎಡಗೈ ಗವುಸು ಯಾರದು. ಈ ಕಣಿವೆಗೆ ಫೋನಿನ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಿಮ ಕರಗಿ ಮಣ್ಣುರಸ್ತೆಗಳೆಲ್ಲ ಪಾಯಸವಾಗುವ ದಿನಗಳಲ್ಲಿ ಆರ್ಡಿತ್ ಏನು ಹೇಳುತ್ತಾಳೆಂದು ಕೇಳದೆ ಯಾರೂ ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ. ಜನವರಿಯ ನಂತರ ಆ ಹೊತ್ತಿಗೆ ಬರೀ ಹಾಡು. ಅವಳ ಬಾಲ್ಯದ ಗೆಳತಿ ಲೂಸಿಲ್ ಬೆನ್ವಾ ಎರಡು ದಿನ ಓದಲು ನೋಡಿದಳು. ಮೈಕಿನ ಮುಂದೆ ಕೂತರೆ ಲೂಸಿಲ್‌ಗೆ ನಗು, ನಕ್ಕರೆ ಬಿಕ್ಕಳಿಕೆ. ಮೂರನೆಯ ದಿನ ಅವಳೇ ಕೈಮುಗಿದಳು.

ಖಾಲಿ ಬಿದ್ದ ಕೋಣೆಯ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಹಿಮದ ಮೇಲೆ ಓಡಿಸುವ ಮೋಟಾರು ಬಂಡಿಗಳ ಅಂಗಡಿ ಇಟ್ಟಿರುವ ರಾಯ್ಸ್ ಟ್ಯಾಟ್ರೋ, ಆ ಕೋಣೆಯನ್ನು ತನ್ನ ಬಂಡಿ ಕ್ಲಬ್ಬಿಗೆ ಬಿಡಿಸಿಕೊಡಬೇಕೆಂದು ಊರ ಸಭೆಗೆ ಅರ್ಜಿ ಹಾಕಿದ. ಕೆಟ್ಟವನೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಸೌದೆ ತಂದು ಇಳಿಸುವವನು ಅವನೇ. ಆದರೆ ತನಗೆ ಬೇಕಾದದ್ದು ಊರಿಗೇ ಬೇಕು ಎಂದು ನಂಬಿಬಿಡುವ ಜಾತಿಯವನು. ದನಿಯೇ ಇಲ್ಲದವರಿಗೆ ರೇಡಿಯೋ ಯಾಕೆ ಎಂದು ಡೋನಟ್ ಅಂಗಡಿಯಲ್ಲಿ ಎಲ್ಲರ ಎದುರು ಕೇಳಿದನಂತೆ. ಕೇಳಿದವರಲ್ಲಿ ಒಬ್ಬರೂ ಅವನ ಬಾಯಿ ಮುಚ್ಚಿಸಲಿಲ್ಲವಂತೆ. ಲೂಸಿಲ್ ಇದನ್ನು ಬಂದು ಹೇಳಿದಾಗ ಆರ್ಡಿತ್ ಹಲಗೆಯ ಮೇಲೆ ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ.

ಅವಳ ಹತ್ತಿರ ಒಂದು ಅಸ್ತ್ರವಿತ್ತು. ದನಿ ಹೋದ ಮೇಲೆ ರೇಡಿಯೋಗೆ ಕುತ್ತು ಬಂದೀತೆಂದು, ಆಪರೇಷನ್ನಿನ ಹಿಂದಿನ ದಿನವೇ ಅಡುಗೆಮನೆಯಲ್ಲಿ ಕೂತು ತನ್ನ ದನಿಯನ್ನು ರೆಕಾರ್ಡು ಮಾಡಿಟ್ಟಿದ್ದಳು. ಲೂಸಿಲ್ ಪ್ರಶ್ನೆ ಕೇಳುವುದು, ಇವಳು ರೇಡಿಯೋ ಯಾಕೆ ಬೇಕೆಂದು ಉತ್ತರ ಕೊಡುವುದು. ಆ ದಿನ ಲೂಸಿಲ್ ಪ್ರತಿ ಪ್ರಶ್ನೆಗೂ ಗೊಳೋ ಎಂದು ಅತ್ತು ಹಾಳುಮಾಡಿದ್ದರಿಂದ, ಅವಳ ಪ್ರಶ್ನೆಗಳನ್ನು ಆಮೇಲೆ ರೇಡಿಯೋ ಕೋಣೆಯಲ್ಲಿ ಹೊಸದಾಗಿ ತುಂಬಿಸಿಕೊಂಡು, ಶಬ್ದ ಕತ್ತರಿಸಿ ಜೋಡಿಸುವ ಪ್ರೋಗ್ರಾಮಿನಲ್ಲಿ ಆರ್ಡಿತ್ ತಾನೇ ಹೊಲಿದಳು. ಕೋಣೆಯ ಸ್ಪೀಕರುಗಳ ವೈರನ್ನು ಇಲಿ ಕಡಿದುಹಾಕಿತ್ತು, ಹಾಗಾಗಿ ಕೆಲಸವೆಲ್ಲ ಹೆಡ್‌ಫೋನಿನಲ್ಲೇ ಆಯಿತು. ಕೇಳಿದರೆ ಚೊಕ್ಕವಾಗಿತ್ತು. ತನ್ನದೇ ದನಿ ಎರಡೂ ಕಿವಿ ತುಂಬ ಬರುವಾಗ ಅವಳು ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೂತದ್ದುಂಟು.

ಮಾರ್ಚಿನ ಮೊದಲ ಮಂಗಳವಾರ ಪಂಚಾಯ್ತಿ ಕಟ್ಟಡದ ಸಭಾಂಗಣದಲ್ಲಿ ಊರ ಸಭೆ. ಬೂಟಿನ ಕೆಸರು ಬಾಗಿಲಲ್ಲಿ ಕೊಡವಿ ಜನ ಬಂದು ಮಡಚುವ ಕುರ್ಚಿಗಳಲ್ಲಿ ಕೂತರು. ಹೆಂಗಸರು ಹೆಣಿಗೆ ತೆಗೆದರು. ಹಿಂದಿನ ಅಡುಗೆಮನೆಯಿಂದ ಹುರುಳಿಕಾಯಿ ಬೀಜ ಬೇಯುವ ವಾಸನೆ, ಮೇಪಲ್ ಪಾಕದ ವಾಸನೆ. ಸಭೆ ನಡೆಸುವವನು ಆರಿನ್ ಥೇಯರ್. ನಿಯಮವೆಂದರೆ ಅವನಿಗೆ ಪ್ರಾಣ. ಇಲ್ಲಿ ಮಾತಾಡುವವರು ಎದ್ದು ನಿಂತು ತಮ್ಮ ಹೆಸರು, ತಮ್ಮ ರಸ್ತೆ ಹೇಳಬೇಕು. ಆರಿನ್‌ನ ಸ್ವಂತ ಹೆಂಡತಿ ಎದ್ದರೂ ಹೇಳಬೇಕು, ಹೇಳದಿದ್ದರೆ ಅವನಿಗೆ ಅವಳ ಪರಿಚಯವೇ ಇಲ್ಲ.

ರಾಯ್ಸ್ ತನ್ನ ಹೆಸರು, ರಸ್ತೆ ಹೇಳಿ ಕ್ಲಬ್ಬಿನ ಲಾಭಗಳನ್ನೆಲ್ಲ ವಿವರಿಸಿ ಕೂತ. ರೇಡಿಯೋದ ಪರವಾಗಿ ಲೂಸಿಲ್ ಎದ್ದು, ಆರ್ಡಿತ್ ಹೇಳಬೇಕಾದದ್ದು ಈ ಲ್ಯಾಪ್‌ಟಾಪಿನಲ್ಲಿದೆ, ಕೇಳಿಸುತ್ತೇವೆ ಎಂದಳು. ಆರಿನ್ ನಿಯಮದ ಪುಸ್ತಕ ಮಗುಚಿ, ರೆಕಾರ್ಡು ಕೇಳಿಸಬಾರದು ಎಂದು ಎಲ್ಲೂ ಬರೆದಿಲ್ಲ ಎಂದು ಒಪ್ಪಿದ. ಗೋಡೆಯ ಮೇಲಿದ್ದ ಊರಿನ ಏಕೈಕ ದೊಡ್ಡ ಸ್ಪೀಕರಿಗೆ ವೈರು ಸೇರಿಸಿ ಆರ್ಡಿತ್ ಗುಂಡಿ ಒತ್ತಿದಳು.

ಲೂಸಿಲ್‌ಳ ದನಿ ಸಭಾಂಗಣ ತುಂಬಿತು. ಆರ್ಡಿತ್, ಈ ರೇಡಿಯೋ ಇಲ್ದಿದ್ರೆ ಊರಿಗೇನು ನಷ್ಟ? ಆಮೇಲೆ ಏನೂ ಇಲ್ಲ. ಪರದೆಯ ಮೇಲೆ ಗೆರೆ ಓಡುತ್ತಿದೆ, ಅಲೆಗಳು ಎದ್ದು ಬೀಳುತ್ತಿವೆ, ಸ್ಪೀಕರು ಗಪ್‌ಚಿಪ್. ಬಹಳ ಹೊತ್ತಾದ ಮೇಲೆ ಮತ್ತೆ ಲೂಸಿಲ್: ಅಯ್ಯೋ, ಅಷ್ಟೊಂದಾ! ಮತ್ತೆ ಮೌನ. ನಿಜ ಕಣೇ, ನಾನೂ ಅದನ್ನೇ ಹೇಳೋದು. ಮೌನ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿನೊಳಗೆ ನಗು ಅಡಗಿಸಿದರು. ಆರ್ಡಿತ್ ನಿಲ್ಲಿಸಿದಳು. ಅವಳ ಕಿವಿ ಸುಡುತ್ತಿತ್ತು.

ಇನ್ನು ಕೇಳಬೇಕೇ? ಸಲಹೆಗಳು ಸುರಿದವು. ಒಬ್ಬರು ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚು ಎಂದರು, ಹಚ್ಚಿದ್ದಾಯಿತು. ಇನ್ನೊಬ್ಬರು ವೈರನ್ನು ಹಿಡಿದು ಹಾವಾಡಿಸಿದಂತೆ ಆಡಿಸಿದರು. ಸದ್ದು ಎಲ್ಲಿಗೆ ಹೋಗಬೇಕೆಂದು ಆರಿಸುವ ಜಾಗ ಸರಿಯಿದೆಯೇ ಎಂದು ಸ್ಕೂಲಿನ ಟೀಚರು ಕೇಳಿದರು. ಸರಿಯಿತ್ತು, ಇಲ್ಲದಿದ್ದರೆ ಲೂಸಿಲ್‌ಳ ದನಿ ಹೇಗೆ ಕೇಳಿಸುತ್ತಿತ್ತು? ಆರ್ಡಿತ್ ತನ್ನ ದನಿಯ ಸಾಲನ್ನು ಎಲ್ಲಾದರೂ ಮ್ಯೂಟ್ ಮಾಡಿ ಬಾಯಿ ಕಟ್ಟಿಟ್ಟಿದ್ದೇನೋ ಎಂದು ನೋಡಿದಳು, ಇಲ್ಲ. ಸದ್ದನ್ನು ತುದಿಯವರೆಗೆ ಏರಿಸಿದಳು, ಲೂಸಿಲ್ ಅರಚಿದಳು, ಇವಳು ಇಲ್ಲ. ಸ್ಪೀಕರಿನ ವೈರು ತೆಗೆದು ಹೆಡ್‌ಫೋನ್ ಚುಚ್ಚಿದಳು. ಅಲ್ಲಿ ಇದ್ದಾಳೆ! ತನ್ನ ಹಳೇ ದನಿ ಗಟ್ಟಿಯಾಗಿ, ಖುಷಿಯಾಗಿ ಮಾತಾಡುತ್ತಿದೆ. ಆರಿನ್ ಬಂದು ತಾನೂ ಕಿವಿಗಿಟ್ಟು ಕೇಳಿ, ಇದೆ ಎಂದು ಸಭೆಗೆ ಘೋಷಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಹೆಡ್‌ಫೋನನ್ನು ಸಾಲಾಗಿ ಎಲ್ಲರಿಗೂ ದಾಟಿಸೋಣ ಎಂದು ಒಬ್ಬ ಮುದುಕ ಹೇಳಿದ. ಹಾಗಾದರೆ ಊಟ ನಾಳೆಯೇ ಎಂದು ಅಡುಗೆಮನೆಯಿಂದ ಉತ್ತರ ಬಂತು.

ಆಗ ರಾಯ್ಸ್ ಕೂತಲ್ಲಿಂದಲೇ ಹೇಳಿದ. "ಯಂತ್ರದ್ದೇನೂ ತಪ್ಪಿಲ್ಲ ಬಿಡಿ. ಆರ್ಡಿತ್ ಈಗ ಹೆಂಗ್ ಮಾತಾಡ್ತಾರೋ ಹಂಗೇ ಬರ್ತಾ ಇದೆ."

ಕೆಲವರು ನಕ್ಕರು, ನಕ್ಕದ್ದಕ್ಕೆ ನಾಚಿ ಆಮೇಲೆ ಹೆಣಿಗೆ ನೋಡಿದರು. ಎದ್ದು ನಿಲ್ಲದೆ, ಹೆಸರು ಹೇಳದೆ ಮಾತಾಡಿದ್ದಕ್ಕೆ ಆರಿನ್ ಅವನನ್ನು ಗದರಿಸಿದ. ಗದರಿಸಿದ್ದು ಅಷ್ಟಕ್ಕೇ. ಆಮೇಲೆ ಆರ್ಡಿತ್ ಕಡೆ ತಿರುಗಿ, ರಸ್ತೆಗೆ ಜಲ್ಲಿ ಹಾಕಿಸುವ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇವೆ, ಅದು ಮುಗಿಯುವುದರೊಳಗೆ ಸರಿಪಡಿಸಿದರೆ ಸರಿ, ಇಲ್ಲದಿದ್ದರೆ ಮತಕ್ಕೆ ಹಾಕುತ್ತೇನೆ ಎಂದ. ಜಲ್ಲಿಯ ವಿಷಯ ಈ ಊರಿನಲ್ಲಿ ಬೇಗ ಮುಗಿದದ್ದು ಇತಿಹಾಸದಲ್ಲಿಲ್ಲ. ಅದೊಂದು ಉಪಕಾರವನ್ನು ಆರಿನ್ ನಿಯಮ ಮುರಿಯದೆ ಮಾಡಿದ.

ಆರ್ಡಿತ್ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಪಕ್ಕದಲ್ಲಿ ಲೂಸಿಲ್ ಕೂತು ಉಗುರು ಕಡಿಯುತ್ತ ಪಿಸುಗುಟ್ಟಿದಳು.

"ನನ್ ಕರ್ಮ ನೋಡೇ. ಬೇಡದ ನನ್ ದನಿ ಲಕ್ಷಣವಾಗಿ ಬರುತ್ತೆ, ಬೇಕಾದ್ದು ಬರಲ್ಲ. ನಿನ್ನದ್ರಲ್ಲಿ ಏನ್ ಬೇರೆ ಇದೆ ನೋಡು."

ಬೆಪ್ಪು ಮುಂಡೇದು ಎಷ್ಟೋ ಸಲ ಹೀಗೆಯೇ ಸರಿಯಾದ ಬಾಗಿಲು ತಟ್ಟುತ್ತಾಳೆ. ಹೌದಲ್ಲ, ಎರಡು ದನಿಗಳ ನಡುವೆ ಏನು ಬೇರೆ? ಆರ್ಡಿತ್ ಪರದೆಯ ಮೇಲಿನ ಅಲೆಗಳನ್ನು ಹಿಗ್ಗಿಸುತ್ತ ಹೋದಳು. ಪ್ರತಿ ದನಿಗೂ ಎರಡು ಸಾಲು, ಮೇಲಿನದು ಎಡಗಿವಿಗೆ, ಕೆಳಗಿನದು ಬಲಗಿವಿಗೆ. ಲೂಸಿಲ್‌ಳ ಸಾಲುಗಳು ಅವಳಿಜವಳಿ, ಒಂದು ಏರಿದರೆ ಇನ್ನೊಂದೂ ಏರುತ್ತದೆ. ತನ್ನವು ಹಾಗಿರಲಿಲ್ಲ. ಎಡ ಏರಿದಾಗ ಬಲ ಇಳಿಯುತ್ತಿತ್ತು, ಎಡ ಇಳಿದಾಗ ಬಲ ಏರುತ್ತಿತ್ತು, ಕೆರೆಯ ದಡದ ಮರ ಮತ್ತು ನೀರಿನಲ್ಲಿ ಅದರ ನೆರಳಿನ ಹಾಗೆ. ಎರಡು ಕಿವಿಗೆ ಬೇರೆಬೇರೆಯಾಗಿ ಹೋದರೆ ತೊಂದರೆಯಿಲ್ಲ. ಆದರೆ ಗೋಡೆಯ ಮೇಲಿರುವುದು ಒಂದೇ ಸ್ಪೀಕರು, ಅಲ್ಲಿ ಎರಡೂ ಒಂದಾಗಲೇಬೇಕು. ಗರಗಸದ ಎರಡು ತುದಿ ಹಿಡಿದವರು ಒಟ್ಟಿಗೇ ತಮ್ಮತಮ್ಮ ಕಡೆಗೆ ಎಳೆದರೆ ಮರ ಕುಯ್ಯುವುದುಂಟೇ? ಅವಳ ದನಿ ಅವಳ ದನಿಯನ್ನೇ ತಿಂದುಹಾಕಿತ್ತು.

ಯಾಕೆ ಹೀಗಾಯಿತೆಂಬುದೂ ಹೊಳೆಯಿತು, ಹೊಳೆದ ಕೂಡಲೇ ಹಣೆ ಬಡಿದುಕೊಂಡಳು. ಆ ಹಾಳು ಚರ್ಚಿನ ವೈರು! ಇದ್ದುದರಲ್ಲೇ ನಡೆಸು, ಹಳತನ್ನು ಎಸೆಯಬೇಡ ಎನ್ನುವುದು ಈ ಬೆಟ್ಟಗಳ ಜನರ ವೇದವಾಕ್ಯ. ಇಲ್ಲಿನವರು ಹರಿದ ಮೇಜೋಡಿನಿಂದ ಬಾಗಿಲ ಸಂದಿ ಮುಚ್ಚುತ್ತಾರೆ, ಬಾಗಿಲು ಹೋದರೆ ಅದರಿಂದ ಮೇಜು ಮಾಡುತ್ತಾರೆ. ಅಡುಗೆಮನೆಯ ರೆಕಾರ್ಡಿಂಗಿಗೆ ಸರಿಯಾದ ವೈರು ತರಿಸುವುದು ಬಿಟ್ಟು, ಚರ್ಚಿನ ಹಾಡುಗಾರರು ಮೂಲೆಗೆ ಹಾಕಿದ್ದ ಹಳೇ ಮೈಕಿನ ವೈರನ್ನು ಒರೆಸಿ ತಂದಿದ್ದಳು. ಆ ವೈರು ಒಂದೇ ದನಿಯನ್ನು ನೇರವಾಗಿ ಒಮ್ಮೆ, ತಲೆಕೆಳಗಾಗಿ ಒಮ್ಮೆ, ಹೀಗೆ ಎರಡು ಎಳೆಗಳಲ್ಲಿ ಸಾಗಿಸುತ್ತದೆ. ಚರ್ಚಿನ ಯಂತ್ರಕ್ಕೆ ಅದನ್ನು ಬಿಡಿಸಿಕೊಳ್ಳಲು ಗೊತ್ತು. ಅವಳ ಪುಟ್ಟ ರೆಕಾರ್ಡರಿಗೆ ಗೊತ್ತಿಲ್ಲ, ಒಂದು ಎಳೆಯನ್ನು ಎಡ ಎಂದುಕೊಂಡಿತು, ಇನ್ನೊಂದನ್ನು ಬಲ ಎಂದುಕೊಂಡಿತು. ತಪ್ಪು ಯಾರದೂ ಅಲ್ಲ, ಅವಳದೇ ಜಿಪುಣತನದ್ದು.

ಮದ್ದು ಸುಲಭ. ಎರಡು ಸಾಲು ಬಿಡಿಸಿ, ಬಲಗಿವಿಯದನ್ನು ಅಳಿಸಿ, ಎಡದ್ದನ್ನೇ ಉಳಿಸಿದರಾಯಿತು. ಅಳಿಸಿದಳು. ಸರಿಯಾಯಿತೋ ನೋಡೋಣ ಎಂದು ಸ್ಪೀಕರಿನ ವೈರು ಮತ್ತೆ ಚುಚ್ಚಿ ಮೆಲ್ಲಗೆ ಗುಂಡಿ ಒತ್ತಿದಳು. ಸದ್ದನ್ನು ತುದಿಯವರೆಗೆ ಏರಿಸಿಟ್ಟದ್ದು ಮರೆತೇಹೋಗಿತ್ತು.

"ನಷ್ಟ ಏನು ಅಂತೀಯಾ ಲೂಸಿಲ್? ಹೇಳ್ತೀನಿ ಕೇಳು!"

ಜಲ್ಲಿಯ ಜಗಳ ಅರ್ಧಕ್ಕೆ ನಿಂತಿತು. ಊರಿಗೆ ಊರೇ ಗೋಡೆಯ ಕಡೆ ನೋಡಿತು. ಅದೇ ದನಿ, ಅರ್ಧ ನಗು ಅರ್ಧ ಗದರಿಕೆಯ ದನಿ, ಎಷ್ಟೋ ಚಳಿಗಾಲಗಳ ಬೆಳಗು ಕಾಫಿಯ ಜೊತೆ ಎಲ್ಲರ ಅಡುಗೆಮನೆಗೆ ಬರುತ್ತಿದ್ದ ದನಿ. ಲೂಸಿಲ್ ಬಾಯಿಗೆ ಸೆರಗಿನಂತೆ ಸ್ಕಾರ್ಫ್ ಒತ್ತಿಕೊಂಡಳು. ಆರ್ಡಿತ್ ಸಟ್ಟನೆ ನಿಲ್ಲಿಸಿದಳು. ಗೆದ್ದೆ ಎನ್ನಿಸಿತು. ಇನ್ನು ಪೂರ್ತಿ ಕೇಳಿಸಿಬಿಟ್ಟರೆ ರಾಯ್ಸ್‌ನ ಕ್ಲಬ್ಬು ಅವನ ಕೊಟ್ಟಿಗೆಯಲ್ಲೇ.

ರಾಯ್ಸ್ ಎದ್ದು ನಿಂತ. ಈ ಸಲ ಟೋಪಿ ತೆಗೆದು, ಹೆಸರು, ರಸ್ತೆ ಹೇಳಿದ. ಅವನ ಕಣ್ಣೂ ಒದ್ದೆಯಾಗಿತ್ತು, ಅದು ನಾಟಕವಲ್ಲ, ಅದೇ ಕಷ್ಟ.

"ಎಂಥಾ ದನಿ ಅದು! ಆಗ್ಲೇ ಅಂದ ಮಾತಿಗೆ ಕ್ಷಮೆ ಕೇಳ್ತೀನಿ. ಅಂಥಾ ದನಿ ಈ ಊರಿಗೆ ಇನ್ ಸಿಗಲ್ಲ. ನಾನ್ ಹೇಳೋದು ಇಷ್ಟೇ, ಅದನ್ನ ಲೈಬ್ರರೀಲಿ ಜೋಪಾನವಾಗಿ ಇಡೋಣ. ಗೋಡೇಗೆ ಆರ್ಡಿತ್ ಅವರ ಹೆಸರಿಂದು ಒಂದು ಫಲಕ ಹಾಕೋಣ. ಯಾರಿಗೆ ಬೇಕೋ ಬಂದು ಕೇಳ್ಲಿ. ಕೋಣೆ ಕ್ಲಬ್ಬಿಗಿರಲಿ."

ಮೂಗಿಗೆ ತುಪ್ಪ ಸವರುವುದೆಂದರೆ ಹೀಗೆ. ಸಭೆ ತಲೆದೂಗಿತು. ಆರ್ಡಿತ್ ಆ ತಲೆಗಳನ್ನು ನೋಡಿದಳು. ಈ ತಲೆದೂಗು ಅವಳಿಗೆ ಗೊತ್ತು. ಚರ್ಚಿನಲ್ಲಿ ಶವಪೆಟ್ಟಿಗೆಯ ಮುಂದೆ ನಿಂತು, ಒಳ್ಳೆಯ ಮನುಷ್ಯ ಪಾಪ ಎನ್ನುವಾಗ ದೂಗುವ ತಲೆ. ಅಲ್ಲ, ತಾನಿನ್ನೂ ಕುರ್ಚಿಯ ಮೇಲೆ ಕೂತಿದ್ದೇನೆ, ಬೆಳಿಗ್ಗೆ ಎರಡು ರೊಟ್ಟಿ ತಿಂದು ಬಂದಿದ್ದೇನೆ, ಇವರು ಫಲಕ ಕೆತ್ತಿಸಲು ಹೊರಟಿದ್ದಾರೆ! ಹಳೇ ದನಿಯನ್ನು ಪೂರ್ತಿ ಕೇಳಿಸಿದರೆ ಏನಾಗುತ್ತದೆ? ಇನ್ನಷ್ಟು ಅಳುತ್ತಾರೆ. ಅತ್ತು, ಕಣ್ಣೊರೆಸಿ, ಕೋಣೆಯನ್ನು ರಾಯ್ಸ್‌ಗೆ ಕೊಡುತ್ತಾರೆ. ಅವನು ಹೇಳಿದ್ದಕ್ಕೆ ತಾನೇ ಸಾಕ್ಷಿ ಹೇಳಿದ ಹಾಗೆ. ಸತ್ತವಳ ಪರವಾಗಿ ವಾದಿಸಲು ಬಂದವಳಲ್ಲ ಅವಳು. ಅವಳಿಗೆ ಸಿಟ್ಟು ಬಂತು, ಇಂಥ ಸಿಟ್ಟು ಆಪರೇಷನ್ ಆದ ಮೇಲೆ ಬಂದಿರಲೇ ಇಲ್ಲ, ಬಂದದ್ದಕ್ಕೆ ಹಿತವೂ ಆಯಿತು.

ಮಾಡಿದ್ದನ್ನು ರದ್ದು ಮಾಡುವ ಕೀಲಿ ಒತ್ತಿದಳು. ಅಳಿಸಿದ್ದ ಬಲಗಿವಿ ವಾಪಸು ಬಂತು. ಮತ್ತೊಮ್ಮೆ ಒತ್ತಿದಳು. ಬಿಡಿಸಿದ್ದ ಸಾಲುಗಳು ಮತ್ತೆ ಜೊತೆಯಾದವು. ರೆಕಾರ್ಡು ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಟ್ಟಿತು. ಲೂಸಿಲ್ ಅವಳ ಮಣಿಕಟ್ಟು ಹಿಡಿದಳು.

"ಹುಚ್ಚು ಹಿಡೀತೇನೇ ನಿಂಗೆ? ಸರಿಯಾಗಿತ್ತಲ್ಲೇ!"

ಆರ್ಡಿತ್ ಕೈ ಬಿಡಿಸಿಕೊಂಡು ಎದ್ದು ನಿಂತಳು. ಕತ್ತಿನ ಹಲಗೆಯನ್ನು ತೆಗೆದು ಕುರ್ಚಿಯ ಮೇಲಿಟ್ಟಳು. ಕೋಟಿನ ಜೇಬಿಗೆ ಕೈ ಹಾಕಿದಳು. ಜೀರುಂಡೆಯನ್ನು ಗದ್ದದ ಕೆಳಗೆ ಒತ್ತಿದಳು.

"ಆರ್ಡಿತ್ ಕಿಟ್ರಿಜ್. ಸಾಮಿಲ್ ರಸ್ತೆ."

ಗುಂಯ್ ಎಂದು ಬಂತು, ಒಂದೇ ಮಟ್ಟದಲ್ಲಿ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಹೆಣಿಗೆಯ ಕಡ್ಡಿಗಳು ನಿಂತವು. ಆರಿನ್ ಥೇಯರ್ ಮತ್ತು ಅವಳು ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು. ಅವನು ಕನ್ನಡಕ ಸರಿಮಾಡಿಕೊಂಡು, ಯಾರನ್ನೋ ಇವತ್ತೇ ಮೊದಲು ನೋಡುತ್ತಿರುವವನ ಹಾಗೆ ತಲೆಬಾಗಿ, "ಸಾಮಿಲ್ ರಸ್ತೆಯ ಆರ್ಡಿತ್ ಕಿಟ್ರಿಜ್ ಅವರು ಮಾತಾಡಬಹುದು" ಎಂದ.

ಅವಳು ಗುಂಡಿ ಒತ್ತಿದಳು. ಗೋಡೆಯಿಂದ ಲೂಸಿಲ್ ಕೇಳಿದಳು, ಈ ರೇಡಿಯೋ ಇಲ್ದಿದ್ರೆ ಊರಿಗೇನು ನಷ್ಟ? ಆಮೇಲಿನ ಮೌನ ಆರ್ಡಿತ್‌ಳದಾಗಿತ್ತು.

"ಹೋದ್ ವರ್ಷ ಕೆಸರಲ್ಲಿ ರಾಯ್ಸ್ ಲಾರಿ ಹೂತಿತ್ತು. ಹಿಂದ್ಗಡೆ ಅವನ ಮಗಳು. ಜ್ವರ." ಒಂದೊಂದು ಮಾತಿಗೂ ಯಂತ್ರ ಸರಿಸಿ ಹಿಡಿಯಬೇಕಾಗಿತ್ತು. "ನಾನ್ ರೇಡಿಯೋದಲ್ಲಿ ಹೇಳ್ದೆ. ಮೂರ್ ಟ್ರ್ಯಾಕ್ಟರ್ ಬಂದ್ವು. ನನ್ ದನಿ ಇಂಪಾಗಿದೆ ಅಂತ ಬರಲಿಲ್ಲ. ಯಾವ್ ರಸ್ತೆ ಅಂತ ಗೊತ್ತಾಯ್ತು. ಬಂದ್ರು."

ಅವಳು ಮುಗಿಸುವುದರೊಳಗೆ ಗೋಡೆಯ ಲೂಸಿಲ್ "ಅಯ್ಯೋ, ಅಷ್ಟೊಂದಾ!" ಎಂದು ಅಡ್ಡ ಬಂದಳು. ಸಭೆ ಘೊಳ್ಳೆಂದಿತು, ಈ ಸಲ ಯಾರೂ ನಗುವನ್ನು ಕೆಮ್ಮಿನಲ್ಲಿ ಅಡಗಿಸಲಿಲ್ಲ. ಕುರ್ಚಿಯ ಲೂಸಿಲ್ ಹಾರಿ ಬಂದು ಗುಂಡಿ ಹಿಡಿದು ಕೂತಳು. ಪ್ರಶ್ನೆ ಬಂದ ಕೂಡಲೇ ನಿಲ್ಲಿಸುವುದು, ಆರ್ಡಿತ್ ಮುಗಿಸಿದ ಮೇಲೆ ಮುಂದಕ್ಕೆ ಬಿಡುವುದು. ಕೊನೆಯ ಪ್ರಶ್ನೆಯೆಂದರೆ, ನಾಳೆ ನಿನ್ನ ಜಾಗಕ್ಕೆ ಯಾರನ್ನ ಕೂರಿಸ್ತೀಯೇ? ರೆಕಾರ್ಡಿನಲ್ಲಿ ಅದಕ್ಕೆ ಹಳೇ ಆರ್ಡಿತ್ ಬಹಳ ಯೋಚಿಸಿ, ನಾಲ್ಕಾರು ಹೆಸರು ಹೇಳಿ, ಊರಿನವರೇ ಆರಿಸಲಿ ಎಂದಿದ್ದಳು.

"ನನ್ನನ್ನೇ," ಎಂದಳು ಆರ್ಡಿತ್. "ಇದೇ ದನಿ. ಕೇಳಕ್ಕೆ ಚೆನ್ನಾಗಿಲ್ಲ, ಗೊತ್ತು. ಚೆನ್ನಾಗಿರೋದು ಬೇಕಾದ್ರೆ ಹಾಡ್ ಕೇಳಿ. ರಸ್ತೆ ತಿಳೀಬೇಕಾದ್ರೆ ನನ್ನ ಕೇಳಿ." ಆಮೇಲೆ ಯಂತ್ರವನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. "ಫಲಕ ಸತ್ ಮೇಲೆ ಹಾಕು ರಾಯ್ಸ್. ಇನ್ನೂ ಲೇಟ್ ಇದೆ."

ಕೂತಳು. ಜೀರುಂಡೆಯನ್ನು ಜೇಬಿಗೆ ಹಾಕಿ, ಕೋಟಿನ ಗುಂಡಿ ಹಾಕಿಕೊಂಡಳು. ಕೈ ಚಪ್ಪಾಳೆ ತಟ್ಟುವುದು ಸಭೆಯಲ್ಲಿ ನಿಷಿದ್ಧ, ಯಾರೂ ತಟ್ಟಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ.

ಆರಿನ್ ವಿಷಯವನ್ನು ಮತಕ್ಕೆ ಹಾಕಿದ. ಇಲ್ಲಿ ಮೊದಲ ಮತ ಬಾಯಿಂದಲೇ, ದನಿ ಯಾವ ಕಡೆ ದೊಡ್ಡದೋ ಆ ಕಡೆ ತೀರ್ಮಾನ. ಕೋಣೆಯನ್ನು ಕ್ಲಬ್ಬಿಗೆ ಕೊಡಬೇಕು ಎನ್ನುವವರು ಹೌದು ಎನ್ನಿ ಎಂದ. ರಾಯ್ಸ್ ಹೌದು ಎಂದ, ತಲೆ ಬಗ್ಗಿಸಿ ಎಂದ. ಅವನ ಸಾಲಿನವರು ಹೌದು ಎಂದರು, ಸಾಲಿನವರೆಲ್ಲ ಅಲ್ಲ. ಬೇಡ ಎನ್ನುವವರು ಬೇಡ ಎನ್ನಿ ಎಂದ. ಕಿಟಕಿಯ ಗಾಜು ಗದಗುಟ್ಟುವಂತೆ ಸಭೆ ಬೇಡ ಎಂದಿತು.

ತೀರ್ಮಾನ ಕಿವುಡನಿಗೂ ತಿಳಿಯುವಂತಿತ್ತು. ಆರಿನ್ ಸುತ್ತಿಗೆ ಎತ್ತಿದ, ಎತ್ತಿದವನು ಹಾಗೇ ನಿಂತ. ಎರಡನೆಯ ಸಾಲಿನಲ್ಲಿ ಆರ್ಡಿತ್ ಬೆರಳು ತಡವರಿಸುತ್ತ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. ಜೇಬಿಗೆ ಕೈ ಹೋಯಿತು. ಯಂತ್ರ ತಲೆಕೆಳಗಾಗಿ ಬಂತು, ತಿರುಗಿಸಿದಳು. ಅಡುಗೆಮನೆಯಲ್ಲಿ ಹುರುಳಿಕಾಯಿ ಬೀಜ ಸೀಯುತ್ತಿದೆ ಎಂದು ಯಾರೋ ಬಾಗಿಲಿಂದ ಇಣುಕಿ, ಎತ್ತಿದ ಸುತ್ತಿಗೆ ನೋಡಿ ಹಾಗೆಯೇ ನಿಂತರು. ಇಡೀ ಊರು ಕಾಯಿತು.

"ಬೇಡ," ಎಂದಿತು ಜೀರುಂಡೆ.

ಆರಿನ್ ಸುತ್ತಿಗೆ ಕುಟ್ಟಿದ.